ಯಜಮಾನರ ಬಂಡವಾಳ

ಕನ್ನಡಕದ ಅಂಗಡಿಯ ಯಜಮಾನರಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು, ಬಾಡಿಗೆ. ಪ್ರತಿ ತಿಂಗಳ ಐದನೇ ತಾರೀಖು ಅವರು ಬಾಗಿಲು ತೆರೆದು, ಗಾಜಿನ ಕಪಾಟು ಒರೆಸಿ, ಫ್ರೇಮುಗಳನ್ನು ಸಾಲಾಗಿ ಜೋಡಿಸುವ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಹತ್ತಿರ ಒಂದು ಕೆಮ್ಮು ಕೇಳುತ್ತಿತ್ತು. ಕಟ್ಟಡ ಒಂದು ರಿಯಲ್ ಎಸ್ಟೇಟ್ ಕಂಪನಿಯದು. ಕೆಮ್ಮು ಆ ಕಂಪನಿಯ ವಸೂಲಿಗಾರನದು. ಆಮೇಲೆ ಇಬ್ಬರಿಗೂ ಅರ್ಧ ಗಂಟೆ ಜಗಳ. ಮೆಟ್ಟಿಲು ಮುರಿದಿದೆ, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಗೋಡೆ ಮುಟ್ಟಿದರೆ ಸುಣ್ಣ ಅಂಗೈಗೆ ಬರುತ್ತದೆ, ಇದಕ್ಕೆ ಇಷ್ಟು ಬಾಡಿಗೆಯೇ ಎಂದು ಯಜಮಾನರು ಪಟ್ಟು ಹಿಡಿಯುತ್ತಿದ್ದರು. ಹೀಗೆ ಪಟ್ಟು ಹಿಡಿದೇ ಹನ್ನೊಂದು ವರ್ಷ ಅವರು ಬಾಡಿಗೆಯನ್ನು ಒಂದು ಕಾಸೂ ಏರಲು ಬಿಟ್ಟಿರಲಿಲ್ಲ. ಅಷ್ಟಾದರೂ ರಸೀದಿ ಕೈಗೆ ಬಂದಾಗ, ಹೇಳದೆ ಕೇಳದೆ ಯಾರೋ ಹಲ್ಲು ಕಿತ್ತುಬಿಟ್ಟಂತೆ ಮುಖ ಮಾಡುತ್ತಿದ್ದರು.

(ಅಂಗಡಿಗೆ ಅವರು ಯಜಮಾನರು. ಮನೆಗೂ ಅವರೇ ಯಜಮಾನರು ಎಂದು ಅವರ ಹೆಂಡತಿ ಹೊರಗಿನವರ ಮುಂದೆ ಹೇಳುತ್ತಿದ್ದುದುಂಟು. ಆದರೆ ಅಂಗಡಿಯ ಗೋಡೆ ಕಂಪನಿಯದು, ಮನೆಯ ಗೋಡೆ ಅತ್ತೆಯವರದು. ಹೀಗಾಗಿ ಅವರ ಯಜಮಾನಿಕೆಯನ್ನು ಎಲ್ಲಿಯೂ ಗೋಡೆಗೆ ಆನಿಸಿ ನಿಲ್ಲಿಸುವಂತಿರಲಿಲ್ಲ.)

ಒಂದು ಐದನೇ ತಾರೀಖು ಅವರು ರಸೀದಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದರು. ಗಿರಾಕಿ ಇರಲಿಲ್ಲ, ಪತ್ರಿಕೆ ಬಂದಿರಲಿಲ್ಲ, ಓದಲು ಬೇರೇನೂ ಇರಲಿಲ್ಲ. ರಸೀದಿಯ ತಳದಲ್ಲಿ ಹೀಗಿತ್ತು: ‘ನಮ್ಮ ಕಂಪನಿಯಲ್ಲಿ ಹೂಡಿಕೆ ಮಾಡಿ. ಬಾಡಿಗೆ ಆದಾಯವನ್ನು ಪಾಲುದಾರರಿಗೆ ಮೂರು ತಿಂಗಳಿಗೊಮ್ಮೆ ಹಂಚಲಾಗುವುದು.’ ಯಜಮಾನರು ಕುರ್ಚಿಯಿಂದ ಎದ್ದು ನಿಂತರು. ತಮ್ಮ ತಲೆಯೊಳಗೆ ಏನೋ ಬೆಳಗಿದ್ದನ್ನು ಅವರು ಕಿವಿಯಿಂದಲೇ ಕೇಳಿದರಂತೆ.

ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಬೀದಿಯವರೆಲ್ಲ ಟೀಚರಮ್ಮ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ. ಅಂದು ರಾತ್ರಿ ಊಟಕ್ಕೆ ಮನೆಗೆ ಬಂದ ಯಜಮಾನರು ಕೈ ತೊಳೆಯುವುದಕ್ಕೂ ಮೊದಲೇ ವಿಷಯ ತೆಗೆದರು.

“ನಾನು ಬಾಡಿಗೆ ಯಾರಿಗೆ ಕೊಡ್ತೀನಿ? ಕಂಪನಿಗೆ. ಕಂಪನಿ ಅದನ್ನ ಯಾರಿಗೆ ಹಂಚುತ್ತೆ? ಪಾಲುದಾರರಿಗೆ. ನಾನೇ ಪಾಲುದಾರ ಆಗಿಬಿಟ್ರೆ ನನ್ನ ಬಾಡಿಗೆ ನನಗೇ ವಾಪಸ್ ಕಣೇ. ಬಾಡಿಗೆದಾರನೂ ನಾನೇ, ಮಾಲೀಕನೂ ನಾನೇ.”

“ಆ ಕಂಪನಿಗೆ ಎಷ್ಟು ಕಟ್ಟಡ ಇದೆ?” ಎಂದರು ಟೀಚರಮ್ಮ.

“ಹನ್ನೆರಡು.”

“ಪಾಲುದಾರರು ಎಷ್ಟು ಜನ?”

“ಸಾವಿರಾರು ಇರಬಹುದು.”

“ಹಾಗಾದ್ರೆ ನಿಮ್ಮ ಬಾಡಿಗೆಯಲ್ಲಿ ನಿಮಗೆ ವಾಪಸ್ ಬರೋದು ಆ ಗೋಡೆಯಿಂದ ಉದುರೋ ಸುಣ್ಣದಷ್ಟು. ಮೊದಲು ಕೈ ತೊಳ್ಕೊಳಿ.”

ಯಜಮಾನರು ಕೈ ತೊಳೆದುಕೊಂಡರೇ ಹೊರತು ಪಟ್ಟು ಬಿಡಲಿಲ್ಲ. ಅವರ ಕಣ್ಣಿದ್ದದ್ದು ‘ಅಡುಗೆಮನೆ ದುಡ್ಡಿ’ನ ಮೇಲೆ. ಟೀಚರಮ್ಮ ಆರು ವರ್ಷ ಸಂಬಳದಲ್ಲಿ ಉಳಿಸಿ ಉಳಿಸಿ ಮೂರು ಲಕ್ಷ ಕೂಡಿಟ್ಟಿದ್ದರು. ಅವರ ಅಡುಗೆಮನೆಯಲ್ಲಿ ಕಪಾಟಿನ ಬಾಗಿಲನ್ನು ಮೊಣಕಾಲಿನಿಂದ ಒದ್ದರೆ ಮಾತ್ರ ತೆರೆಯುತ್ತಿತ್ತು, ಮುಚ್ಚಲು ಇಬ್ಬರು ಬೇಕಿತ್ತು. ಸಿಂಕಿನ ಕೆಳಗಿನ ಬಕೆಟ್ಟು ಎಷ್ಟು ವರ್ಷದಿಂದ ಅಲ್ಲೇ ಇತ್ತೆಂದರೆ, ಅದನ್ನು ಮನೆಯವರೆಲ್ಲ ಪೈಪಿನ ಒಂದು ಭಾಗವೆಂದೇ ತಿಳಿದಿದ್ದರು. ಅದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿಸಬೇಕೆಂಬುದು ಟೀಚರಮ್ಮನ ಆಸೆ.

ಯಜಮಾನರು ಹದಿನೈದು ದಿನ ಬಿಡದೆ ಹೇಳಿದರು. ತಿಂಡಿಗೆ ಹೇಳಿದರು, ಊಟಕ್ಕೆ ಹೇಳಿದರು, ಬಚ್ಚಲಿನ ಒಳಗಿಂದ ಕೂಗಿ ಹೇಳಿದರು. “ಎರಡೇ ವರ್ಷ. ಆಮೇಲೆ ಅಡುಗೆಮನೆ ಒಂದೇ ಏನು, ಅಡುಗೆಮನೆಗೊಂದು ಅಡುಗೆಮನೆ ಕಟ್ಟಿಸ್ತೀನಿ.” ಹದಿನಾರನೇ ದಿನ ಟೀಚರಮ್ಮ ಸಾಕಾಗಿ ಚೆಕ್ ಬರೆದರು. ಪಾಲು ಇಬ್ಬರ ಹೆಸರಲ್ಲಿ, ಮೊದಲು ತಮ್ಮ ಹೆಸರು, ಎಂದು ಷರತ್ತು ಹಾಕಿದರು. ಅತ್ತೆಯವರು ಮಗಳ ಹಿಂದೆ ನಿಂತು ಸಹಿ ಸರಿಯಾಗಿದೆಯೇ ಎಂದು ನೋಡಿದರು, ನಿಟ್ಟುಸಿರು ಬಿಟ್ಟು ಒಳಗೆ ಹೋದರು.

ಅಂದಿನಿಂದ ಯಜಮಾನರ ನಡಿಗೆಯೇ ಬೇರೆಯಾಯಿತು. ಅಂಗಡಿಗೆ ಬಂದರೆ ಸೀದಾ ಒಳಗೆ ಹೋಗದೆ ಒಮ್ಮೆ ಕಟ್ಟಡದ ಸುತ್ತ ಪ್ರದಕ್ಷಿಣೆ ಹಾಕುವರು, ಕಂಬ ತಟ್ಟುವರು, ಗೋಡೆಗೆ ಒರಗಿದವರನ್ನು “ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ, ಸುಣ್ಣ ಹೋಗುತ್ತೆ” ಎಂದು ಎಬ್ಬಿಸುವರು. ಪಕ್ಕದ ಮಳಿಗೆಯ ಜೆರಾಕ್ಸಿನವನು ಅವರ ಹಳೆಯ ಸ್ನೇಹಿತ. ಒಂದು ದಿನ ಅವನು ಕ್ಯಾಲೆಂಡರು ನೇತುಹಾಕಲು ಮೊಳೆ ಹೊಡೆಯುತ್ತಿದ್ದಾಗ ಯಜಮಾನರು ಓಡಿ ಬಂದರು.

“ಯಾರನ್ನ ಕೇಳಿ ಮೊಳೆ ಹೊಡೀತಿದೀಯಾ?”

“ಹನ್ನೊಂದು ವರ್ಷದಿಂದ ಹೊಡೀತಿದೀನಿ, ಯಾರನ್ನ ಕೇಳಬೇಕು?”

“ಮಾಲೀಕರನ್ನ.”

ಜೆರಾಕ್ಸಿನವನು ಸುತ್ತಮುತ್ತ ನೋಡಿದ. ಇದ್ದದ್ದು ಯಜಮಾನರೊಬ್ಬರೇ. “ಹಾಗಾದ್ರೆ ಮಾಲೀಕರೇ, ಈ ತಾರಸಿ ಸೋರೋದನ್ನ ರಿಪೇರಿ ಮಾಡಿಸಿ” ಎಂದು ಇನ್ನೊಂದು ಮೊಳೆ ತೆಗೆದ.

ಮೂರು ತಿಂಗಳಿಗೆ ಕಂಪನಿಯಿಂದ ಮೊದಲ ಹಣ ಬ್ಯಾಂಕಿಗೆ ಬಂತು. ಲೆಕ್ಕ ಹಾಕಿದ್ದಕ್ಕಿಂತ ಎರಡು ಪಟ್ಟು ಹೆಚ್ಚೇ ಇತ್ತು. ಯಜಮಾನರು ಅದನ್ನು ‘ಲಾಭ’ ಎಂದರು. ಲಾಭವನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಕಂದು ಬಣ್ಣದ ಚರ್ಮದ ಬೂಟು ತಂದರು. ಎರಡನೇ ಕಂತಿನಲ್ಲಿ ಅಂಗಡಿಗೆ ಮಿಣುಕುವ ದೀಪದ ಬೋರ್ಡು ಬಂತು. ಮೂರನೆಯದರಲ್ಲಿ ಇಡೀ ಸಾಲಿನ ಅಂಗಡಿಯವರಿಗೆ ವಾರವಿಡೀ ಚಹಾ. ಟೀಚರಮ್ಮ ಕೇಳಿದಾಗಲೆಲ್ಲ, “ಅಸಲು ಹಾಗೇ ಇದೆ ಕಣೇ, ನಾನು ಮುಟ್ತಿರೋದು ಬರೀ ಲಾಭ” ಎನ್ನುತ್ತಿದ್ದರು.

ವರ್ಷದ ಕೊನೆಗೆ ಕಂಪನಿಯಿಂದ ಒಂದು ಕಾಗದ ಬಂತು. ಭಾನುವಾರ ಬೆಳಿಗ್ಗೆ ಟೀಚರಮ್ಮ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದಿದರು. ಎದುರಿಗೆ ಅತ್ತೆಯವರು ಒಗೆದ ಬಟ್ಟೆ ಮಡಿಸುತ್ತಿದ್ದರು. ಯಜಮಾನರು ಬೂಟಿಗೆ ಪಾಲಿಷ್ ಹಚ್ಚುತ್ತಿದ್ದರು.

“ರೀ, ಇಲ್ಲಿ ಎರಡು ಸಾಲಿದೆ. ಕೊಟ್ಟ ಪ್ರತಿ ನೂರರಲ್ಲಿ ಲಾಭದ ಪಾಲು ಮೂವತ್ತು. ಬಂಡವಾಳದ ವಾಪಸಾತಿ ಎಪ್ಪತ್ತು.”

“ನೋಡು ಮತ್ತೆ. ಮೂವತ್ತು ಕೊಡಬೇಕಾದ ಕಡೆ ಇನ್ನೂ ಎಪ್ಪತ್ತು ಸೇರಿಸಿ ಕೊಟ್ಟಿದಾರೆ. ಧಾರಾಳ ಜನ.”

“ಸೇರಿಸಿ ಕೊಟ್ಟಿದ್ದಲ್ಲ. ನಾವು ಕೊಟ್ಟಿದ್ದನ್ನೇ ನಮಗೆ ತಿರುಗಿ ಕೊಟ್ಟಿದಾರೆ. ನೂರು ಬಂತು ಅಂತ ನೀವು ಕುಣಿದಾಗೆಲ್ಲ ಅದರಲ್ಲಿ ಎಪ್ಪತ್ತು ನಮ್ಮ ಮೂರು ಲಕ್ಷದಿಂದಲೇ ಬಂದಿದ್ದು.”

ಪಾಲಿಷ್ ಬ್ರಷ್ಷು ನಿಂತಿತು. ಅತ್ತೆಯವರು ಒಂದು ದುಪ್ಪಟಿಯನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟರು.

“ಅಂದ್ರೆ ಅಳಿಯಂದ್ರು ಬೂಟು ಮಾಡಿಸಿಕೊಂಡಿದ್ದು ನಮ್ಮ ಕಪಾಟಿನ ಬಾಗಿಲಲ್ಲಿ ಅನ್ನು.”

“ಇದು ಮೋಸ” ಎಂದರು ಯಜಮಾನರು. “ನಾಳೇನೇ ಹೋಗಿ ಕೇಳ್ತೀನಿ.”

“ಮೋಸ ಏನಿಲ್ಲ. ಕಟ್ಟಡ ಹಳೇದಾಗ್ತಾ ಸವೆಯುತ್ತೆ ಅಂತ ಲೆಕ್ಕದಲ್ಲಿ ಪ್ರತಿ ವರ್ಷ ಒಂದಿಷ್ಟು ಕಳೀತಾರೆ. ಲೆಕ್ಕದಲ್ಲಿ ಲಾಭ ಕಮ್ಮಿ ಕಾಣುತ್ತೆ, ಆದ್ರೆ ಆ ದುಡ್ಡು ಕೈಯಲ್ಲೇ ಇರುತ್ತಲ್ಲ, ಅದನ್ನ ಹಂಚ್ತಾರೆ. ಅದು ಲಾಭ ಅಲ್ಲ, ನಮ್ಮ ಬಂಡವಾಳದ ಒಂದು ತುಂಡು. ನಮ್ಮ ಮೂರು ಲಕ್ಷ ಅಷ್ಟು ಕಮ್ಮಿಯಾಯ್ತು ಅಂತ ನಾವು ಬರ್ಕೋಬೇಕು. ಪ್ರತಿ ಸಲ ಚೀಟಿ ಕಳಿಸಿದಾರೆ ಅಂತ ಇಲ್ಲಿದೆ. ಬರ್ಕೊಂಡ್ರಾ?”

“ಬೂಟು ಹಾಕ್ಕೊಂಡೆ” ಎಂದರು ಯಜಮಾನರು, ಬಹಳ ಸಣ್ಣ ದನಿಯಲ್ಲಿ.

ಕನ್ನಡಕದವರ ಭಾಷೆಯಲ್ಲೇ ಹೇಳುವುದಾದರೆ, ಅವರದು ದೂರದೃಷ್ಟಿಯ ತೊಂದರೆ. ದೂರದ್ದೆಲ್ಲ ಝಗಝಗ ಕಾಣುತ್ತದೆ, ಕೈಯಲ್ಲಿರುವ ಕಾಗದ ಮಾತ್ರ ಮಸುಕು. ಆದರೂ ಸೋತರು ಎನ್ನುವಂತಿಲ್ಲ. ಮೂರನೇ ದಿನ ಹೊಸ ಸಿದ್ಧಾಂತ ತಂದರು. ಕಂಪನಿ ತಮ್ಮ ಬಂಡವಾಳವನ್ನು ಹೀಗೆ ತೊಟ್ಟು ತೊಟ್ಟಾಗಿ ಯಾಕೆ ಕೊಡಬೇಕು? ಕೊಡುವುದಾದರೆ ಒಂದೇ ಸಲ ಕೊಟ್ಟುಬಿಡಲಿ, ಅಡುಗೆಮನೆಯೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಕೇಳಿಸಿಕೊಂಡಂತೆ ಅದೇ ವಾರ ಕಂಪನಿಯ ಪಾಲುದಾರರ ಸಭೆಗೆ ಕರೆ ಬಂತು. ಜೊತೆಗೊಂದು ದಪ್ಪ ಪುಸ್ತಿಕೆ. ಬೆಲೆ ಚೆನ್ನಾಗಿರುವಾಗ ಹಳೆಯ ಕಟ್ಟಡವೊಂದನ್ನು ಮಾರಿ, ಬಂದ ಹಣವನ್ನು ಹೂಡಿಕೆದಾರರಿಗೆ ಹಿಂತಿರುಗಿಸಬೇಕೇ ಬೇಡವೇ ಎಂಬುದು ಸಭೆಯ ವಿಷಯ. ಟೀಚರಮ್ಮನಿಗೆ ಪರೀಕ್ಷೆಯ ಕಾಲ. “ನೀವೇ ಹೋಗ್ಬನ್ನಿ. ಆದ್ರೆ ಪುಸ್ತಿಕೆ ಪೂರ್ತಿ ಓದಿ ಹೋಗಿ” ಎಂದು ಹೇಳಿ ತಮ್ಮ ಒಪ್ಪಿಗೆಯ ಚೀಟಿಗೆ ಸಹಿ ಹಾಕಿ ಕೊಟ್ಟರು.

ಯಜಮಾನರು ಓದಲಿಲ್ಲ ಎಂದರೆ ಅನ್ಯಾಯ. ಬಸ್ಸಿನಲ್ಲಿ ಪುಸ್ತಿಕೆ ತೆರೆದದ್ದು ನಿಜ. ಆದರೆ ಸಭೆಯ ಗೌರವಕ್ಕೆಂದು ಅಂಗಡಿಯ ಕಪಾಟಿನಿಂದ ಚಿನ್ನದ ಬಣ್ಣದ ಫ್ರೇಮೊಂದನ್ನು ತೆಗೆದು ಹಾಕಿಕೊಂಡು ಬಂದಿದ್ದರು. ಅದರಲ್ಲಿದ್ದದ್ದು ತೋರಿಕೆಯ ಸಾದಾ ಗಾಜು. ಓದುವ ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. ದೊಡ್ಡ ಅಕ್ಷರದಲ್ಲಿದ್ದ ‘ಆಸ್ತಿ ಸಂಖ್ಯೆ ಏಳು’ ಎಂಬುದೊಂದು ಕಂಡಿತು, ಅದರ ಕೆಳಗಿದ್ದ ವಿಳಾಸ ಇರುವೆಗಳ ಮೆರವಣಿಗೆಯಂತಿತ್ತು. ಪುಸ್ತಿಕೆ ಮುಚ್ಚಿ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತರು.

ಸಭೆ ಒಂದು ದೊಡ್ಡ ಹಾಲಿನಲ್ಲಿ. ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಬಾಗಿಲಲ್ಲಿ ಬಿಸ್ಕತ್ತು. ಕಂಪನಿಯ ಅಧ್ಯಕ್ಷರು ಬಲು ಮೃದು ಮಾತಿನವರು. “ಆಸ್ತಿ ಸಂಖ್ಯೆ ಏಳು ತುಂಬಾ ಹಳೇ ಕಟ್ಟಡ. ಒಳ್ಳೇ ಬೆಲೆಗೆ ಕೇಳ್ತಿದಾರೆ. ಆದ್ರೆ ಅಲ್ಲಿ ಬಹಳ ವರ್ಷದ ಬಾಡಿಗೆದಾರರಿದಾರೆ, ಸಣ್ಣ ಅಂಗಡಿಯವರು. ಹಾಗಾಗಿ ನಮಗೂ ಸ್ವಲ್ಪ ಸಂಕೋಚ. ನಿಮ್ಮ ಅಭಿಪ್ರಾಯ ಹೇಳಿ” ಎಂದರು.

ಮುದುಕರೊಬ್ಬರು ಎದ್ದು, ಪಾಪ, ಸಣ್ಣ ಅಂಗಡಿಯವರು, ಇರಲಿ ಬಿಡಿ ಎಂದರು. ಸಭೆ ಅತ್ತ ವಾಲುವ ಹಾಗೆ ಕಂಡಿತು. ಅಡುಗೆಮನೆ ಮತ್ತೆ ಕೈತಪ್ಪುತ್ತದೆ ಅನ್ನಿಸಿ ಯಜಮಾನರು ಕೈ ಎತ್ತಿದರು. ಮೈಕು ಕೈಗೆ ಬಂತು. ಮೈಕು ಹಿಡಿದದ್ದು ಅದೇ ಮೊದಲು. ತಮ್ಮದೇ ದನಿ ಹಾಲಿನ ನಾಲ್ಕು ಮೂಲೆಯಿಂದ ಬಂದದ್ದನ್ನು ಕೇಳಿ ಅವರಿಗೆ ತಮ್ಮ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು.

“ಆ ಕಟ್ಟಡದ ಬಾಡಿಗೆ ಕೊನೇ ಸಲ ಏರಿದ್ದು ಯಾವಾಗ?” ಎಂದು ಕೇಳಿದರು.

“ಹನ್ನೆರಡು ವರ್ಷ ಆಯ್ತು ಸರ್. ಒಬ್ಬರು ಬಾಡಿಗೆದಾರರು ತುಂಬಾ ಗಲಾಟೆ ಮಾಡ್ತಾರೆ. ಅವರನ್ನ ನೋಡಿ ಉಳಿದವರೂ ಕೊಡಲ್ಲ.”

“ಕೇಳಿದ್ರಾ?” ಯಜಮಾನರು ಸಭೆಯ ಕಡೆ ತಿರುಗಿದರು. “ನಾವು ಬೆವರು ಸುರಿಸಿ ಕೂಡಿಟ್ಟ ಬಂಡವಾಳ ಯಾರೋ ಒಬ್ಬ ಜಿಪುಣನ ತಲೆ ಮೇಲೆ ಚಾವಣಿಯಾಗಿ ಕೂತಿದೆ. ನಾವು ಅವನ ಯಜಮಾನರೋ, ಅವನ ಅಳಿಯಂದಿರೋ? ಮಾರಿಬಿಡಿ. ದುಡ್ಡು ನಮಗೆ ಕೊಡಿ. ಅವನು ಬೇರೆ ಕಡೆ ಹೋಗಿ ಗಲಾಟೆ ಮಾಡಲಿ.”

ಹಾಲಿನ ತುಂಬ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತೇ ತಟ್ಟಿದ. ಮಾರುವ ಪರವಾಗಿ ಕೈಗಳು ಕಾಡಿನಂತೆ ಎದ್ದವು. ಯಜಮಾನರು ಮೂರು ಬಿಸ್ಕತ್ತು ಹೆಚ್ಚಿಗೆ ತಿಂದು, ಇಡೀ ಭಾಷಣವನ್ನು ಮನೆಯಲ್ಲಿ ಇನ್ನೊಮ್ಮೆ ಮಾಡಿದರು. ಟೀಚರಮ್ಮನಿಗೂ ಸಂತೋಷವೇ ಆಯಿತು. ಉತ್ತರಪತ್ರಿಕೆ ಪಕ್ಕಕ್ಕಿಟ್ಟು ಅಡುಗೆಮನೆಯ ನಕ್ಷೆ ತೆಗೆದರು.

ಮೂರು ವಾರ ಕಳೆಯಿತು. ಐದನೇ ತಾರೀಖಲ್ಲದ ದಿನ ಮೆಟ್ಟಿಲ ಹತ್ತಿರ ಕೆಮ್ಮು ಕೇಳಿತು. ವಸೂಲಿಗಾರ ಬಂದು ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಕಟ್ಟಡ ಮಾರಾಟವಾಗಿದೆ, ಹೊಸ ಮಾಲೀಕರು ಕೆಡವಿ ಕಟ್ಟಲಿದ್ದಾರೆ, ಮೂರು ತಿಂಗಳಲ್ಲಿ ಮಳಿಗೆ ಖಾಲಿ ಮಾಡತಕ್ಕದ್ದು.

ಈ ಸಲ ಯಜಮಾನರ ಮೂಗಿನ ಮೇಲೆ ಸರಿಯಾದ ಕನ್ನಡಕವಿತ್ತು. ಕಾಗದದ ತಲೆಯ ಮೇಲೆ ಬರೆದಿದ್ದನ್ನು ಅವರು ಎರಡು ಸಲ ಓದಿದರು: ಆಸ್ತಿ ಸಂಖ್ಯೆ ಏಳು.

“ಇದು... ಇದು ಏಳಾ?”

“ಮೊದಲಿಂದಲೂ ಏಳೇ ಸರ್. ರಸೀದಿ ಹಿಂಭಾಗದಲ್ಲಿ ಇತ್ತಲ್ಲ.”

“ನಾನೂ ಪಾಲುದಾರ ಕಣಯ್ಯ. ನಾನು ಒಪ್ಪಲ್ಲ.”

ವಸೂಲಿಗಾರ ಅಂಟಿನ ಬ್ರಷ್ಷು ಡಬ್ಬಿಯಲ್ಲಿಟ್ಟ. “ಸಭೇಲಿ ನಾನೂ ಇದ್ದೆ ಸರ್. ಹಿಂದಿನ ಸಾಲಲ್ಲಿ. ನೀವು ಅಷ್ಟು ಚೆನ್ನಾಗಿ ಮಾತಾಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದೆ.”

ಯಜಮಾನರು ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತರು. ಕಟ್ಟಡದ ಉಳಿದ ಮಳಿಗೆಯವರು ಹೊರಗೆ ಸೇರಿ ಕೂಗಾಡುವುದು ಕೇಳಿಸುತ್ತಿತ್ತು. ಯಾರೋ ಪುಣ್ಯಾತ್ಮ ಸಭೆಯಲ್ಲಿ ಭಾಷಣ ಮಾಡಿ ಎಲ್ಲರ ಹೊಟ್ಟೆ ಮೇಲೆ ಹೊಡೆದನಂತೆ, ಅವನು ಸಿಕ್ಕರೆ ನೋಡಿಕೊಳ್ಳುತ್ತೇವೆ ಎಂಬಿತ್ಯಾದಿ. ಸ್ವಲ್ಪ ಹೊತ್ತಿಗೆ ಜೆರಾಕ್ಸಿನವನು ಒಳಗೆ ಬಂದು ಬಾಗಿಲು ಹಾಕಿಕೊಂಡ. ಕೈಯಲ್ಲಿ ಕಾಗದದ ಕಟ್ಟು.

“ಕಂಪನಿಯವರು ಸಭೆಯ ನಡಾವಳಿ ಪ್ರತಿ ತೆಗೆಸೋಕೆ ನನ್ನ ಹತ್ರಾನೇ ಕೊಟ್ಟಿದ್ರು. ಮುನ್ನೂರು ಪ್ರತಿ ತೆಗೆದೆ. ಐದನೇ ಪುಟದಲ್ಲಿ ಒಂದು ಭಾಷಣ ಇದೆ. ಹೆಸರಿನ ಸಮೇತ.”

ಯಜಮಾನರು ತಲೆ ಎತ್ತಲಿಲ್ಲ. “ಹೊರಗಿನವರಿಗೆ ಹೇಳಿದೆಯಾ?”

“ಹೇಳಿದ್ರೆ ನೀನು ಇಷ್ಟೊತ್ತಿಗೆ ಕೂತಿರ್ತಿದ್ಯಾ?” ಅವನು ಎದುರಿನ ಸ್ಟೂಲಿನ ಮೇಲೆ ಕುಳಿತ. “ನಂಗೂ ಸಿಟ್ಟು ಬಂದಿತ್ತು. ಆದ್ರೆ ‘ಯಾರೋ ಒಬ್ಬ ಜಿಪುಣ’ ಅಂತ ಓದಿದಾಗ ನಗು ತಡೆಯೋಕಾಗಲಿಲ್ಲ. ಮೆಷಿನ್ ನಿಲ್ಲಿಸಿ ನಕ್ಕೆ. ನೋಡು, ಹಿಂದಿನ ಬೀದಿಲಿ ಒಂದು ಮಳಿಗೆ ಖಾಲಿ ಇದೆ. ಇಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ. ಅದರ ಮಾಲೀಕ ಮುಂಗಡ ಜಾಸ್ತಿ ಕೇಳ್ತಾನೆ. ಹೊಂದಿಸು. ಮುಂಗಡ ತರದಿದ್ರೆ ಐದನೇ ಪುಟ ಹೊರಗಿನವರಿಗೆ ಓದಿ ಹೇಳ್ತೀನಿ.”

ಹೊಂದಿಸುವುದು ಎಲ್ಲಿಂದ? ಕಂಪನಿ ಮಾತಿಗೆ ತಪ್ಪಲಿಲ್ಲ. ಕಟ್ಟಡ ಮಾರಿದ ಹಣದಲ್ಲಿ ತನ್ನ ಸಾಲ ತೀರಿಸಿ, ಉಳಿದದ್ದರಲ್ಲಿ ಅವರ ಪಾಲನ್ನು ಬ್ಯಾಂಕಿಗೆ ಹಾಕಿತು. ಜೊತೆಗೆ ಅದರಲ್ಲಿ ಬಂಡವಾಳವೆಷ್ಟು, ಲಾಭವೆಷ್ಟು ಎಂದು ಚೀಟಿ. ಯಜಮಾನರು ಬ್ಯಾಂಕಿಗೆ ಹೋಗುವಷ್ಟರಲ್ಲಿ ಟೀಚರಮ್ಮ ಹೋಗಿ ಬಂದಾಗಿತ್ತು. ಉಳಿದ ಪಾಲುಗಳನ್ನೂ ಅವರು ಮಾರಿಬಿಟ್ಟರು. ಎಲ್ಲ ಸೇರಿಸಿದರೂ, ಬೂಟು, ಬೋರ್ಡು, ಚಹಾ ಕಳೆದು, ಅಡುಗೆಮನೆಗೆ ಸರಿಹೋಗುವಷ್ಟು ಮಾತ್ರ ಇತ್ತು.

ಅಂದು ಸಂಜೆ ಯಜಮಾನರು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಏಳನೇ ನಂಬರನ್ನು ಹೇಳಿದರು, ಜಿಪುಣ ಯಾರೆಂದು ಹೇಳಿದರು, ಸಾದಾ ಗಾಜಿನ ವಿಷಯವನ್ನೂ ಹೇಳಿದರು. ಅತ್ತೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಒಳಗಿನಿಂದ ಬಹಳ ಹೊತ್ತು ಪಾತ್ರೆಯ ಸದ್ದಿನ ನಡುವೆ ನಗೆಯ ಸದ್ದು ಕೇಳುತ್ತಿತ್ತು. ಟೀಚರಮ್ಮ ನಗಲಿಲ್ಲ. ಅಡುಗೆಮನೆಯ ನಕ್ಷೆಯನ್ನು ಒಮ್ಮೆ ನೋಡಿದರು, ಗಂಡನನ್ನು ಒಮ್ಮೆ ನೋಡಿದರು. ಇಪ್ಪತ್ತು ವರ್ಷದಿಂದ, ಭಾನುವಾರ ಬಿಟ್ಟರೆ, ಆ ಮನುಷ್ಯ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆಯದ ದಿನವಿರಲಿಲ್ಲ.

“ಅರ್ಧ ಕೊಡ್ತೀನಿ. ಉಳಿದರ್ಧದಲ್ಲಿ ಬರೀ ಕಪಾಟು, ಸಿಂಕು ಮಾಡಿಸ್ತೀನಿ. ಆದ್ರೆ ಇದು ದಾನ ಅಲ್ಲ. ನಾನು ಹೂಡಿಕೆದಾರಳು, ನೀವು ಕಂಪನಿ. ಮೂರು ತಿಂಗಳಿಗೊಮ್ಮೆ ನನ್ನ ಪಾಲು ಬರಬೇಕು.”

“ಬರುತ್ತೆ” ಎಂದರು ಯಜಮಾನರು. ಒಂದೇ ಪದದಲ್ಲಿ ಮಾತು ಮುಗಿಸಿದರು. ಅವರ ಜೀವನದಲ್ಲಿ ಅದು ಅಪರೂಪದ ಘಟನೆ.

ಹೊಸ ಮಳಿಗೆ ಚಿಕ್ಕದು, ಆದರೆ ಸೋರುತ್ತಿರಲಿಲ್ಲ. ಒಂದು ಕಡೆ ಜೆರಾಕ್ಸ್ ಯಂತ್ರ ಕಟಕಟ ಎನ್ನುತ್ತಿತ್ತು, ಇನ್ನೊಂದು ಕಡೆ ಯಜಮಾನರು ಗಿರಾಕಿಗಳಿಗೆ ಅಕ್ಷರದ ಹಲಗೆ ಓದಿಸುತ್ತಿದ್ದರು. ಹಳೆಯ ಗಿರಾಕಿಗಳು ಹಿಂದಿನ ಬೀದಿಯನ್ನು ಹುಡುಕಿಕೊಂಡು ಬರಲು ಸಮಯ ಹಿಡಿಯಿತು. (ಕಣ್ಣು ಮಂದವಾದವರು ಬೇಗ ಅಂಗಡಿ ಹುಡುಕಲಿ ಎಂದರೆ ಹೇಗೆ?) ಮೂರು ತಿಂಗಳು ಮುಗಿದಾಗ ಬಾಡಿಗೆ, ದೀಪ, ಸಾಮಾನು ಎಲ್ಲ ಕಳೆದು ಉಳಿದದ್ದು ಒಂದು ಪೆಟ್ಟಿಗೆ ಲೆನ್ಸು ಒರೆಸುವ ಬಟ್ಟೆ.

ಆದರೆ ಬರಿಗೈಯಲ್ಲಿ ಮನೆಗೆ ಹೋಗುವುದೆಂದರೆ ಯಜಮಾನರಿಗೆ ಮನಸ್ಸು ಒಪ್ಪಲಿಲ್ಲ. ಭಾನುವಾರ ಊಟವಾದ ಮೇಲೆ ಅವರು ಹೊಸ ಕಪಾಟಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ನೋಟಿನ ಒಂದು ಕಟ್ಟನ್ನು ಟೀಚರಮ್ಮನ ಮುಂದಿಟ್ಟರು.

“ಮೊದಲ ಕಂತು. ತಡವಾಗಲಿಲ್ಲ ನೋಡು.”

ಟೀಚರಮ್ಮನ ಮುಖ ಅರಳಿತು. “ಇಷ್ಟು ಬೇಗ ಇಷ್ಟೊಂದಾ?” ಎಂದು ಕಟ್ಟನ್ನು ಕೈಗೆತ್ತಿಕೊಂಡರು. ಕಟ್ಟನ್ನು ತಿರುಗಿಸಿದರು. ಸುತ್ತಿದ್ದ ಬ್ಯಾಂಕಿನ ಪಟ್ಟಿಯ ಮೇಲಿನ ಮೊಹರನ್ನೂ ತಾರೀಖನ್ನೂ ನೋಡಿದರು. ಮೂರು ತಿಂಗಳ ಹಿಂದೆ ತಾವೇ ಬ್ಯಾಂಕಿನಿಂದ ತಂದು, ಗಂಡನ ಕೈಗೆ ಕೊಟ್ಟ ಕಟ್ಟುಗಳಲ್ಲಿ ಒಂದು. ಪಟ್ಟಿ ಹರಿದೇ ಇರಲಿಲ್ಲ.

“ರೀ, ಇದು ಲಾಭಾನಾ?”

ಯಜಮಾನರು ಸಿಂಕಿನ ಕಡೆ ನೋಡಿದರು. ಅದು ತೊಟ್ಟಿಕ್ಕುತ್ತಿರಲಿಲ್ಲ, ಹಾಗಾಗಿ ಮಾತು ಬದಲಿಸಲು ಅಲ್ಲಿಯೂ ಏನೂ ಸಿಗಲಿಲ್ಲ.

“ಬಂಡವಾಳದ ವಾಪಸಾತಿ” ಎಂದರು.

ಅತ್ತೆಯವರು ತಟ್ಟೆ ಒರೆಸುತ್ತಿದ್ದ ಕೈ ನಿಲ್ಲಿಸಿದರು. “ಅಳಿಯಂದ್ರ ಬಂಡವಾಳ ಅಂತೂ ಬಯಲಾಯ್ತು. ಆ ಕಂಪನಿಯವರು ಜೊತೇಲಿ ಒಂದು ಚೀಟಿನಾದ್ರೂ ಕಳಿಸಿದ್ರಪ್ಪ.”

ಟೀಚರಮ್ಮ ಒಂದು ಕಾಗದ ಮತ್ತು ಪೆನ್ನು ತಂದು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ತೋರಿಸಿದರು. ಯಜಮಾನರು ಕುಳಿತು ಬರೆದರು: ಮಾನ್ಯ ಹೂಡಿಕೆದಾರರೇ, ಈ ಮೂರು ತಿಂಗಳಲ್ಲಿ ಕಂಪನಿಗೆ ಲಾಭ ಸೊನ್ನೆ, ಕೊಟ್ಟ ಹಣವೆಲ್ಲ ನಿಮ್ಮದೇ ಬಂಡವಾಳ, ದಯವಿಟ್ಟು ಬರೆದುಕೊಳ್ಳತಕ್ಕದ್ದು. ಕೆಳಗೆ ಸಹಿ ಮಾಡಿ ಕೊಟ್ಟರು. ಟೀಚರಮ್ಮ ಅದನ್ನು ಓದಿ, ಎರಡು ಕಾಗುಣಿತ ತಿದ್ದಿ, ಹತ್ತಕ್ಕೆ ಆರು ಹಾಕಿ ವಾಪಸ್ ಕೊಟ್ಟರು.

“ಐದೇ ಬರಬೇಕಿತ್ತು” ಎಂದರು. “ನಿಜ ಒಪ್ಪಿಕೊಂಡಿದ್ದಕ್ಕೆ ಒಂದು ಜಾಸ್ತಿ.”